ಎಂಡೋಮೆಟ್ರಿಯೋಸಿಸ್: ಹೊಟ್ಟೆಯೊಳಗೆ ಗಂಟು ಕಟ್ಟೋ ಜೀವಕೋಶಗಳು ಯಾವ್ವು?

(ಸಾರ್ವಜನಿಕರಿಗೆ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಸ್ಲೈಡ್‌ಗಳು ಇಲ್ಲಿ ಇಲ್ಲ, ಹಾಗಾಗಿ ಚಿತ್ರ ತೋರಿಸಿದ ಕಡೆಯೆಲ್ಲ ಮಾತಲ್ಲೇ ವಿವರಿಸಿದೀನಿ. ಕೊನೇಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೇ ಬರ್ತೀನಿ.

ಗರ್ಭಕೋಶದ ಒಳಪದರ ಪ್ರತಿ ತಿಂಗಳು ಕಿತ್ತು ಬರತ್ತೆ, ರಕ್ತ ಹೋಗತ್ತೆ, ಕೆಲವೇ ದಿನದಲ್ಲಿ ಮತ್ತೆ ಹೊಸ ಪದರ ಬೆಳೆಯತ್ತೆ. ಒಬ್ಬ ಹೆಣ್ಣಿನ ಜೀವಮಾನದಲ್ಲಿ ಇದು ಹೆಚ್ಚುಕಮ್ಮಿ 400 ಸಲ ನಡೆಯತ್ತೆ. ಅಷ್ಟು ಸಲ ಗಾಯ ಆಗಿ ಮಾಯ್ದರೂ ಒಳಗೆ ಒಂದು ಕಲೆ ಉಳಿಯಲ್ಲ. ವಯಸ್ಕರ ದೇಹದಲ್ಲಿ ಹೀಗೆ ಕಲೆ ಇಲ್ಲದೆ ಮಾಯೋ ಜಾಗಗಳು ತುಂಬಾ ಕಮ್ಮಿ, ಚರ್ಮಕ್ಕೆ ಸ್ವಲ್ಪ ಆಳವಾಗಿ ಪೆಟ್ಟಾದ್ರೆ ಸಾಕು ಗುರುತು ಸಾಯೋವರೆಗೂ ಇರತ್ತೆ. ಆದ್ರೆ ಅದೇ ಒಳಪದರದ ತುಣುಕು, ಅದೇ ಥರದ ಜೀವಕೋಶಗಳು, ಗರ್ಭಕೋಶದ ಹೊರಗೆ ಹೊಟ್ಟೆಯೊಳಗೆ ಎಲ್ಲೋ ಬೇರೂರಿ ತಿಂಗಳು ತಿಂಗಳು ರಕ್ತ ಸುರಿಸೋಕೆ ಶುರು ಮಾಡಿದ್ರೆ ಸುತ್ತಮುತ್ತ ಎಲ್ಲ ಬಿಗಿದುಕೊಳ್ಳತ್ತೆ, ಗಂಟು ಕಟ್ಟತ್ತೆ, ಅಂಡಾಶಯ ಹೋಗಿ ಗರ್ಭಕೋಶದ ಹಿಂದಕ್ಕೆ ಅಂಟಿಕೊಳ್ಳತ್ತೆ, ಕರುಳು ಅದಕ್ಕೆ ಅಂಟಿಕೊಳ್ಳತ್ತೆ.

ಒಳಗೆ ಕಲೆ ಇಲ್ಲ, ಹೊರಗೆ ಬರೀ ಕಲೆ. ಯಾಕೆ? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಾನೇ.

ಕಾಯಿಲೆ ಬಗ್ಗೆ ಬೇಗ ಹೇಳಿ ಮುಂದೆ ಹೋಗ್ತೀನಿ, ಇಲ್ಲಿ ಕೂತಿರೋ ಎಷ್ಟೋ ಜನಕ್ಕೆ ಇದು ನನಗಿಂತ ಚೆನ್ನಾಗಿ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಮಕ್ಕಳಾಗೋ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು 10% ಜನಕ್ಕೆ, ಅಂದ್ರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಜನಕ್ಕೆ ಎಂಡೋಮೆಟ್ರಿಯೋಸಿಸ್ ಇದೆ. ಪೀರಿಯಡ್ಸ್ ಟೈಮಲ್ಲಿ ತಡೆಯಕ್ಕಾಗದ ನೋವು, ಸಂಭೋಗದ ಟೈಮಲ್ಲಿ ನೋವು, ಮಲವಿಸರ್ಜನೆ ಮಾಡುವಾಗ ನೋವು, ಮಕ್ಕಳಾಗೋಕೆ ತೊಂದರೆ, ಮತ್ತೆ ಏನು ಮಾಡಿದ್ರೂ ಹೋಗದ ಸುಸ್ತು. "ಪೀರಿಯಡ್ಸ್ ಅಂದ್ಮೇಲೆ ನೋವು ಇದ್ದಿದ್ದೇ" ಅಂತ ಹೇಳಿಸಿಕೊಂಡು ಹೇಳಿಸಿಕೊಂಡು, ಕಾಯಿಲೆ ಇದೇ ಅಂತ ಗೊತ್ತಾಗೋ ಹೊತ್ತಿಗೆ ಎಷ್ಟೋ ವರ್ಷ ಕಳೆದಿರತ್ತೆ.

ಹೊರಗೆ ಹೇಗೆ ಬಂತು ಅನ್ನೋದಕ್ಕೆ ಹೆಚ್ಚು ಜನ ಒಪ್ಪೋ ವಿವರಣೆ ಜಾನ್ ಸ್ಯಾಂಪ್ಸನ್ ಅನ್ನೋ ಅಮೆರಿಕದ ಸ್ತ್ರೀರೋಗ ತಜ್ಞ 1920ರ ದಶಕದಲ್ಲಿ ಕೊಟ್ಟಿದ್ದು. ಮುಟ್ಟಿನ ರಕ್ತದಲ್ಲಿ ಸ್ವಲ್ಪ ಭಾಗ ಕೆಳಗೆ ಹೋಗೋ ಬದಲು ಫ್ಯಾಲೋಪಿಯನ್ ಟ್ಯೂಬ್ ಮೂಲಕ ಹಿಂದಕ್ಕೆ ಹೊಟ್ಟೆಗೆ ಹೋಗತ್ತೆ, ಅದರ ಜೊತೆ ಹೋದ ಪದರದ ತುಣುಕು ಅಲ್ಲಿ ಬೇರೂರತ್ತೆ ಅಂತ. ತರ್ಕ ಸರಿಯಾಗೇ ಇದೆ. ತೊಡಕು ಏನಂದ್ರೆ, ಟ್ಯೂಬ್ ತೆರೆದಿರೋ ಹೆಂಗಸರಲ್ಲಿ ಹೀಗೆ ರಕ್ತ ಹಿಂದಕ್ಕೆ ಹೋಗೋದು 90% ಜನರಲ್ಲಿ ಕಂಡುಬಂದಿದೆ. ಕಾಯಿಲೆ ಮಾತ್ರ 10% ಜನಕ್ಕೆ. ಅಂದ್ಮೇಲೆ ತುಣುಕು ಅಲ್ಲಿಗೆ ಹೋಗಿ ತಲುಪೋದು ದೊಡ್ಡ ವಿಷಯ ಅಲ್ಲ, ಹೋದ ಮೇಲೆ ಅದು ಅಲ್ಲಿ ಏನು ಮಾಡತ್ತೆ ಅನ್ನೋದೇ ವಿಷಯ.

ಈಗ ಒಂದು ಸ್ಲೈಡ್ ನೋಡೋಣ. ಆಪರೇಷನ್‌ನಲ್ಲಿ ತೆಗೆದ ಒಂದು ಗಂಟನ್ನ ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪ್ ಕೆಳಗೆ ಇಟ್ಟಿರೋದು. ಮೊದಲು ಕಣ್ಣಿಗೆ ಬೀಳೋದು ಮಧ್ಯದಲ್ಲಿರೋ ಗ್ರಂಥಿ, ಒಂದು ಖಾಲಿ ಜಾಗದ ಸುತ್ತ ಉದ್ದುದ್ದ ಜೀವಕೋಶಗಳು ಒತ್ತೊತ್ತಾಗಿ ಸಾಲಾಗಿ ನಿಂತಿರ್ತವೆ. ಎಲ್ಲರೂ ಬೆರಳು ತೋರಿಸೋದು ಅದನ್ನೇ. ಆದ್ರೆ ಅದರ ಸುತ್ತ ನೋಡಿ, ನೀಲಿ ನೀಲಿಯಾಗಿ ಒಂದು ಪಟ್ಟಿ ಇದೆಯಲ್ಲ, ಸಣ್ಣ ಸಣ್ಣ ದುಂಡನೆಯ, ಕೆಲವು ಸ್ವಲ್ಪ ಉದ್ದಕ್ಕಿರೋ ನ್ಯೂಕ್ಲಿಯಸ್‌ಗಳು ಗಿಜಿಗಿಜಿ ಅಂತ ತುಂಬಿಕೊಂಡಿರೋದು, ಅದು ಸ್ಟ್ರೋಮಾ. ಒಳಪದರಕ್ಕೇ ಅಂತ ಇರೋ ವಿಶೇಷ ಕನೆಕ್ಟಿವ್ ಟಿಶ್ಯೂ, ಅಂದ್ರೆ ಬೇರೆ ಜೀವಕೋಶಗಳನ್ನ ಹಿಡಿದು ಆಧಾರ ಕೊಡೋ ಟಿಶ್ಯೂ, ಅದರಲ್ಲಿ ಹೆಚ್ಚಿನವು ಸ್ಟ್ರೋಮಲ್ ಫೈಬ್ರೋಬ್ಲಾಸ್ಟ್ ಅನ್ನೋ ಜೀವಕೋಶಗಳು. ಅದರಾಚೆ ಕಂದು ಬಣ್ಣದ ಕಣ ತುಂಬಿಕೊಂಡಿರೋ ದಪ್ಪ ಜೀವಕೋಶಗಳು, ಹಳೇ ರಕ್ತದ ಕಬ್ಬಿಣ ನುಂಗಿರೋ ಮ್ಯಾಕ್ರೋಫೇಜ್‌ಗಳು. ಅದರಾಚೆ ಎಲ್ಲ ಗುಲಾಬಿ, ಅಲೆ ಅಲೆಯಾಗಿ ಬಿಗಿಯಾಗಿ ಹರಡಿರೋ ಗುಲಾಬಿ ಬಣ್ಣದ ನಾರು, ಅದು ಕೊಲಾಜನ್. ಆಳಕ್ಕೆ ಇಳಿದ ಗಂಟುಗಳಲ್ಲಿ ಸ್ಲೈಡ್‌ನ ಬಹುಪಾಲು ಈ ಗುಲಾಬಿಯೇ ಇರತ್ತೆ, ಗ್ರಂಥಿ ಹುಡುಕಬೇಕು.

ಪೆಥಾಲಜಿಯಲ್ಲಿ ರೂಢಿ ಏನು ಅಂದ್ರೆ ಗ್ರಂಥಿ, ಸ್ಟ್ರೋಮಾ, ಹಳೇ ರಕ್ತಸ್ರಾವದ ಗುರುತು, ಈ ಮೂರರಲ್ಲಿ ಎರಡು ಸಿಕ್ಕಿದ್ರೆ ಎಂಡೋಮೆಟ್ರಿಯೋಸಿಸ್ ಅಂತ ರಿಪೋರ್ಟ್ ಬರೀತೀವಿ. ಗ್ರಂಥಿ ಒಂದೂ ಇಲ್ಲದೆ ಬರೀ ಸ್ಟ್ರೋಮಾ ಇರೋ ಎಂಡೋಮೆಟ್ರಿಯೋಸಿಸ್ ಕೂಡ ಇದೆ. ಅನುಮಾನ ಬಂದಾಗ ಸಿಡಿ10 ಅನ್ನೋ ಪ್ರೋಟೀನ್‌ಗೆ ಸ್ಟೇನ್ ಹಾಕ್ತೀವಿ, ಅದು ಸ್ಟ್ರೋಮಾವನ್ನ ಕಂದು ಬಣ್ಣದಲ್ಲಿ ಎತ್ತಿ ತೋರಿಸತ್ತೆ (ಪಕ್ಕದಲ್ಲಿ ಹಳೇ ರಕ್ತದ ಕಬ್ಬಿಣವೂ ಕಂದು ಬಣ್ಣವೇ ಆದ್ರಿಂದ ಹೊಸಬರು ಇಲ್ಲಿ ಚೆನ್ನಾಗಿ ಗೊಂದಲ ಮಾಡ್ಕೋತಾರೆ, ಕಬ್ಬಿಣಕ್ಕೆ ಬೇರೆ ಸ್ಟೇನ್ ಹಾಕಿದ್ರೆ ಅದು ನೀಲಿಯಾಗಿ ಕಾಣತ್ತೆ, ಆಗ ಜಗಳ ಬಗೆಹರಿಯತ್ತೆ).

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ತುಂಬಾ ಕಾಲ ಈ ಕನೆಕ್ಟಿವ್ ಟಿಶ್ಯೂವನ್ನ ಸುಮ್ನೆ ಜಾಗ ತುಂಬೋ ವಸ್ತು ಅಂತಾನೇ ನೋಡಿದ್ರು. ಗ್ರಂಥಿ ಮುಖ್ಯ ಪಾತ್ರಧಾರಿ, ಸ್ಟ್ರೋಮಾ ಹಿಂದಿನ ಪರದೆ. ನನ್ನ ಪ್ರಕಾರ ಅದು ತಲೆಕೆಳಗು. ಎಂಡೋಮೆಟ್ರಿಯೋಸಿಸ್‌ನಲ್ಲಿ ಹಾರ್ಮೋನ್ ಕೆಡಿಸೋದು, ನೋವು ಎಬ್ಬಿಸೋದು, ಗಂಟು ಕಟ್ಟೋದು, ಮೂರರಲ್ಲೂ ಕನೆಕ್ಟಿವ್ ಟಿಶ್ಯೂ ಜೀವಕೋಶಗಳ ಕೈವಾಡ ಇದೆ. ಗ್ರಂಥಿ ಏನೂ ಮಾಡಲ್ಲ ಅಂತಲ್ಲ, ಅದರ ಮಾತೂ ಬರತ್ತೆ.

ಮೊದಲು ಈ ಸ್ಟ್ರೋಮಲ್ ಫೈಬ್ರೋಬ್ಲಾಸ್ಟ್ ತನ್ನ ಮನೇಲಿ, ಅಂದ್ರೆ ಗರ್ಭಕೋಶದೊಳಗೆ, ಏನು ಮಾಡತ್ತೆ ನೋಡಿ. ತಿಂಗಳ ಮೊದಲರ್ಧ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಪ್ರಭಾವದಲ್ಲಿ ಅದು ಬೆಳೀತಾ ಹೋಗತ್ತೆ. ಅಂಡ ಬಿಡುಗಡೆ ಆದ ಮೇಲೆ ಪ್ರೊಜೆಸ್ಟರಾನ್ ಏರತ್ತೆ, ಆಗ ಈ ಜೀವಕೋಶ ರೂಪಾನೇ ಬದಲಾಯಿಸತ್ತೆ. ಲ್ಯಾಬ್‌ನಲ್ಲಿ ಇದನ್ನ ಕಣ್ಣಾರೆ ನೋಡಬಹುದು: ಡಿಶ್‌ನಲ್ಲಿ ಉದ್ದಕ್ಕೆ ತೆಳ್ಳಗೆ ಎರಡೂ ತುದಿ ಚೂಪಾಗಿ ಮಲಗಿರೋ ಜೀವಕೋಶಗಳಿಗೆ ಪ್ರೊಜೆಸ್ಟರಾನ್ ಥರದ ಹಾರ್ಮೋನ್, ಜೊತೆಗೆ ಸೈಕ್ಲಿಕ್ ಎಎಂಪಿ (ಜೀವಕೋಶದೊಳಗೆ ಸಂದೇಶ ಸಾಗಿಸೋ ವಸ್ತು) ಹಾಕಿ ಕೆಲವು ದಿನ ಬಿಟ್ರೆ ಅವು ಉಬ್ಬಿ ದುಂಡಗಾಗ್ತವೆ, ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಸುರಿಸೋಕೆ ಶುರು ಮಾಡ್ತವೆ, ಐಜಿಎಫ್‌ಬಿಪಿ-1 ಅನ್ನೋ ಪ್ರೋಟೀನ್ ಸುರಿಸ್ತವೆ. ಇದಕ್ಕೆ ಡೆಸಿಡ್ಯುಯಲೈಸೇಷನ್ ಅಂತಾರೆ. ಬರೋ ಭ್ರೂಣಕ್ಕೆ ಹಾಸಿಗೆ ಸಿದ್ಧ ಮಾಡೋ ಕೆಲಸ. ಭ್ರೂಣ ಬರಲಿಲ್ಲ, ಪ್ರೊಜೆಸ್ಟರಾನ್ ಇಳೀತು, ಪದರ ಕಿತ್ತು ಬಂತು, ಅದೇ ಪೀರಿಯಡ್ಸ್.

ಭ್ರೂಣ ಇನ್ನೂ ಬರದೇ ಇರುವಾಗ್ಲೇ ಈ ಸಿದ್ಧತೆ ಮಾಡಿಕೊಳ್ಳೋ ಪ್ರಾಣಿಗಳು ತೀರಾ ಕಮ್ಮಿ. ಮನುಷ್ಯರು, ಕೆಲವು ವಾನರಗಳು, ಕೆಲವು ಜಾತಿ ಬಾವಲಿಗಳು, ಎಲಿಫೆಂಟ್ ಶ್ರೂ ಅನ್ನೋ ಉದ್ದ ಮೂತಿಯ ಸಣ್ಣ ಪ್ರಾಣಿ, ಸ್ಪೈನಿ ಮೌಸ್ ಅನ್ನೋ ಒಂದು ಇಲಿ, ಅಷ್ಟೇ ಅಂದ್ರೂ ನಡೆಯತ್ತೆ. ಲ್ಯಾಬ್‌ನಲ್ಲಿ ಬಳಸೋ ಮಾಮೂಲಿ ಇಲಿಗಳಿಗೆ ಪೀರಿಯಡ್ಸ್ ಇಲ್ಲ. ಹಾಗಾಗಿ ಅವುಗಳಲ್ಲಿ ಈ ಕಾಯಿಲೆ ಅಧ್ಯಯನ ಮಾಡಬೇಕು ಅಂದ್ರೆ ಗರ್ಭಕೋಶದ ತುಣುಕು ತೆಗೆದು ಹೊಟ್ಟೆಯೊಳಗೆ ಕೈಯಾರೆ ಇಡಬೇಕು, ಅದು ನಿಜವಾದ ಕಾಯಿಲೆ ಅಲ್ಲ, ಕಾಯಿಲೆಯ ನಕಲು. ಈ ಕ್ಷೇತ್ರದ ರಿಸರ್ಚ್ ಇಷ್ಟು ನಿಧಾನ ಆಗಿರೋದಕ್ಕೆ ಇದೂ ಒಂದು ಕಾರಣ, ದುಡ್ಡು ಕಮ್ಮಿ ಹಾಕಿರೋದು ಇನ್ನೊಂದು, ಎರಡನೇದರ ಬಗ್ಗೆ ಮಾತಾಡಿದ್ರೆ ನನಗೆ ಸಿಟ್ಟು ಬರತ್ತೆ ಅಂತ ಮುಂದೆ ಹೋಗ್ತೀನಿ.

ಈಗ ಗಂಟಿನಲ್ಲಿರೋ ಸ್ಟ್ರೋಮಾಗೆ ಬನ್ನಿ. ಇಲ್ಲಿ ಪ್ರೊಜೆಸ್ಟರಾನ್ ಕೊಟ್ರೆ ಅದು ಸರಿಯಾಗಿ ಕಿವಿಗೇ ಹಾಕ್ಕೊಳ್ಳಲ್ಲ. ಡೆಸಿಡ್ಯುಯಲೈಸೇಷನ್ ಅರೆಬರೆ, ಪ್ರೊಲ್ಯಾಕ್ಟಿನ್ ಕಮ್ಮಿ. ಇದನ್ನ ಪ್ರೊಜೆಸ್ಟರಾನ್ ರೆಸಿಸ್ಟೆನ್ಸ್ ಅಂತಾರೆ. ಶಿಕಾಗೋದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಸೆರ್ದಾರ್ ಬುಲುನ್ ತಂಡ ಇದರ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದೆ. ಅವರ ಕೆಲಸದಿಂದ ಬಂದ ಚಿತ್ರ ಸ್ವಲ್ಪ ಗಮನ ಇಟ್ಟು ಕೇಳಿ, ಯಾಕಂದ್ರೆ ಮಾತ್ರೆಗಳ ಕಥೆ ಇಲ್ಲೇ ಇದೆ.

ಆರೋಗ್ಯವಾಗಿರೋ ಒಳಪದರದಲ್ಲಿ ಈಸ್ಟ್ರೋಜನ್ ತಯಾರಿಸೋ ಅರೋಮಟೇಸ್ ಅನ್ನೋ ಎನ್‌ಜೈಮ್ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಗಂಟಿನ ಸ್ಟ್ರೋಮಾದಲ್ಲಿ ಅದು ಎದ್ದು ಕೂತಿರತ್ತೆ. ಅಂದ್ರೆ ಗಂಟು ಅಂಡಾಶಯದಿಂದ ಬರೋ ಈಸ್ಟ್ರೋಜನ್‌ಗೆ ಕಾಯೋದಷ್ಟೇ ಅಲ್ಲ, ತಾನೇ ಸ್ವಂತಕ್ಕೆ ಮಾಡ್ಕೊಳ್ಳತ್ತೆ. ಆ ಈಸ್ಟ್ರೋಜನ್ ಹೋಗಿ ಕಾಕ್ಸ್-2 ಅನ್ನೋ ಇನ್ನೊಂದು ಎನ್‌ಜೈಮ್ ಎಬ್ಬಿಸತ್ತೆ, ಅದು ಪ್ರೋಸ್ಟಗ್ಲಾಂಡಿನ್ ಇ2 ಮಾಡತ್ತೆ, ಆ ಪ್ರೋಸ್ಟಗ್ಲಾಂಡಿನ್ ವಾಪಸ್ ಬಂದು ಅರೋಮಟೇಸ್‌ನ ಇನ್ನಷ್ಟು ಎಬ್ಬಿಸತ್ತೆ, ಮತ್ತೆ ಈಸ್ಟ್ರೋಜನ್, ಮತ್ತೆ ಪ್ರೋಸ್ಟಗ್ಲಾಂಡಿನ್, ಹೀಗೆ ಸುತ್ತು ನಿಲ್ಲೋದೇ ಇಲ್ಲ. ಉರಿಯೂತಕ್ಕೂ ನೋವಿಗೂ ಇದೇ ಪ್ರೋಸ್ಟಗ್ಲಾಂಡಿನ್ ಕಾರಣ, ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಹಿಡಿಯೋದು ಈ ಸುತ್ತಿನ ಈ ಒಂದು ಕೊಂಡಿಯನ್ನ.

ಇಷ್ಟಕ್ಕೇ ಮುಗೀಲಿಲ್ಲ. ಒಳಪದರದಲ್ಲಿ ಸ್ಟ್ರೋಮಾ ಪ್ರೊಜೆಸ್ಟರಾನ್ ಮಾತು ಕೇಳಿ ರೆಟಿನೋಯಿಕ್ ಆಸಿಡ್ ಅನ್ನೋ ಒಂದು ಸಂದೇಶವನ್ನ ಪಕ್ಕದ ಗ್ರಂಥಿಗೆ ಕಳಿಸತ್ತೆ. ಆ ಸಂದೇಶ ಬಂದ್ರೆ ಗ್ರಂಥಿ ಒಂದು ಎನ್‌ಜೈಮ್ ಮಾಡಿ ಪ್ರಬಲ ಈಸ್ಟ್ರೋಜನ್ ಅನ್ನ ದುರ್ಬಲ ಮಾಡತ್ತೆ. ಗಂಟಿನ ಸ್ಟ್ರೋಮಾಗೆ ಪ್ರೊಜೆಸ್ಟರಾನ್ ಮಾತೇ ಸರಿಯಾಗಿ ಕೇಳಲ್ಲವಲ್ಲ, ಸಂದೇಶ ಹೋಗಲ್ಲ, ಗ್ರಂಥಿ ಆ ಎನ್‌ಜೈಮ್ ಮಾಡಲ್ಲ, ಈಸ್ಟ್ರೋಜನ್ ಪ್ರಬಲವಾಗೇ ಉಳಿಯತ್ತೆ. ನೋಡಿ, ಇಲ್ಲಿ ಗ್ರಂಥಿ ತನ್ನ ಕೆಲಸ ಮಾಡದೇ ಇರೋದೂ ಸ್ಟ್ರೋಮಾ ಬಾಯಿ ಮುಚ್ಚಿಕೊಂಡಿರೋದ್ರಿಂದಾನೇ.

ಈ ಸ್ಟ್ರೋಮಾ ಹೀಗೆ ಯಾಕಾಯ್ತು? ಡಿಎನ್‌ಎ ಅಕ್ಷರ ಬದಲಾಗಿ ಅಲ್ಲ, ಡಿಎನ್‌ಎ ಮೇಲೆ ಕೂರೋ ಮಿಥೈಲ್ ಗುರುತುಗಳು ಅದಲುಬದಲಾಗಿ ಅನ್ನೋದಕ್ಕೆ ಒಳ್ಳೆ ಸಾಕ್ಷಿ ಇದೆ. ತೆರೆದಿರಬೇಕಾದ ಜೀನ್ ಮುಚ್ಚಿರತ್ತೆ, ಮುಚ್ಚಿರಬೇಕಾದ್ದು ತೆರೆದಿರತ್ತೆ. ಈಸ್ಟ್ರೋಜನ್ ರಿಸೆಪ್ಟರ್ ಬೀಟಾ, ಅಂದ್ರೆ ಈಸ್ಟ್ರೋಜನ್ ಬಂದು ಅಂಟಿಕೊಳ್ಳೋ ಒಂದು ಪ್ರೋಟೀನ್, ಅದನ್ನ ಅಳೆದು ನೋಡಿದಾಗ ಗಂಟಿನ ಸ್ಟ್ರೋಮಾದಲ್ಲಿ ಮಾಮೂಲಿಗಿಂತ ನೂರು ಪಟ್ಟಿಗೂ ಹೆಚ್ಚು ಸಿಕ್ಕಿದೆ. 2014ರಲ್ಲಿ ಇದೇ ತಂಡ ಇನ್ನೊಂದು ವಿಷಯ ತೋರಿಸ್ತು, ಆರೋಗ್ಯವಂತ ಸ್ಟ್ರೋಮಾದಲ್ಲಿ ಗಾಟಾ2 ಅನ್ನೋ ನಿಯಂತ್ರಕ ಪ್ರೋಟೀನ್ ಡೆಸಿಡ್ಯುಯಲೈಸೇಷನ್ ನಡೆಸತ್ತೆ, ಗಂಟಿನ ಸ್ಟ್ರೋಮಾದಲ್ಲಿ ಅದರ ಜಾಗಕ್ಕೆ ಗಾಟಾ6 ಬಂದು ಕೂತಿರತ್ತೆ.

ಗ್ರಂಥಿಯ ಮಾತು ಬರತ್ತೆ ಅಂದಿದ್ನಲ್ಲ, ಇಲ್ಲಿದೆ. 2017ರಲ್ಲಿ ಆಳಕ್ಕೆ ಇಳಿದ ಗಂಟುಗಳ ಡಿಎನ್‌ಎ ಅಕ್ಷರಗಳನ್ನ ಓದಿದಾಗ (ಸೀಕ್ವೆನ್ಸ್ ಮಾಡಿದಾಗ) ಕೆಲವರಲ್ಲಿ ಕೆ-ರಾಸ್ ಥರದ ಜೀನ್‌ಗಳಲ್ಲಿ, ಕ್ಯಾನ್ಸರ್‌ನಲ್ಲಿ ಸಿಗೋ ಮ್ಯುಟೇಷನ್‌ಗಳು, ಅಂದ್ರೆ ಅಕ್ಷರದ ಬದಲಾವಣೆಗಳು ಸಿಕ್ಕಿದ್ವು, ಕ್ಯಾನ್ಸರ್ ಇಲ್ಲದೇ ಇದ್ರೂ. ಆದ್ರೆ ಪರೀಕ್ಷೆ ಮಾಡಿದ ಗಂಟುಗಳಲ್ಲಿ ಅವು ಇದ್ದದ್ದು ಗ್ರಂಥಿಯ ಜೀವಕೋಶಗಳಲ್ಲಿ, ಪಕ್ಕದಲ್ಲೇ ಇದ್ದ ಸ್ಟ್ರೋಮಾದಲ್ಲಿ ಅಲ್ಲ. ಅಂದ್ರೆ ಒಂದೇ ಗಂಟಿನೊಳಗೆ ಗ್ರಂಥಿಯ ದಾರಿ ಬೇರೆ, ಸ್ಟ್ರೋಮಾದ ದಾರಿ ಬೇರೆ. ಒಂದು ಮ್ಯುಟೇಷನ್ ಹೊತ್ಕೊಂಡು ಬೆಳೆಯತ್ತೆ, ಇನ್ನೊಂದು ಮಿಥೈಲ್ ಗುರುತು ಕೆಟ್ಟು ಹಾರ್ಮೋನ್ ಮಾತು ಕೇಳೋದನ್ನ ಬಿಡತ್ತೆ. ಎರಡಕ್ಕೂ ಸೇರಿಸಿ ಒಂದೇ ಔಷಧಿ ಹುಡುಕ್ತಾ ಇರೋದು ಎಷ್ಟು ಸರಿ ಅನ್ನೋ ಅನುಮಾನ ನನಗೆ ಆವಾಗಿನಿಂದ ಇದೆ.

ಸರಿ, ಈಗ ಮೊದಲು ಕೇಳಿದ ಪ್ರಶ್ನೆ, ಕಲೆ ಯಾಕೆ.

1971ರಲ್ಲಿ ಜಿನೀವಾದಲ್ಲಿ ಜೂಲಿಯೋ ಗಬ್ಬಿಯಾನಿ ಮತ್ತು ಜೊತೆಗಾರರು ಮಾಯ್ತಿರೋ ಗಾಯದಲ್ಲಿ ಒಂದು ವಿಚಿತ್ರ ಫೈಬ್ರೋಬ್ಲಾಸ್ಟ್ ಬಗ್ಗೆ ಬರೆದ್ರು, ಅದರೊಳಗೆ ಸ್ನಾಯುವಿನಲ್ಲಿ ಇರೋ ಥರದ ಎಳೆಗಳು. ಇವತ್ತು ಅದನ್ನ ಮಯೋಫೈಬ್ರೋಬ್ಲಾಸ್ಟ್ ಅಂತೀವಿ. ಅದಕ್ಕೆ ಎರಡು ಕೆಲಸ: ಕೊಲಾಜನ್ ಸುರಿಸೋದು, ಸುತ್ತಲಿನ ಟಿಶ್ಯೂನ ಹಿಡಿದು ಎಳೆಯೋದು. ಗಾಯದ ಎರಡು ಅಂಚು ಹತ್ತಿರ ಬರೋದು ಇದು ಎಳೆಯೋದ್ರಿಂದ. ಕೆಲಸ ಮುಗಿದ ಮೇಲೆ ಇವು ತಾವಾಗೇ ಸತ್ತು ಹೋಗಬೇಕು, ಮಾಮೂಲಿ ಗಾಯದಲ್ಲಿ ಹಾಗೇ ಆಗತ್ತೆ. ಹೋಗದೇ ಉಳಿದ್ರೆ ಶ್ವಾಸಕೋಶದಲ್ಲಿ, ಲಿವರ್‌ನಲ್ಲಿ, ಕಿಡ್ನಿಯಲ್ಲಿ ಏನಾಗತ್ತೆ ಅಂತ ಗೊತ್ತಲ್ಲ, ಫೈಬ್ರೋಸಿಸ್, ಅಂದ್ರೆ ಕಲೆಯ ನಾರು ತುಂಬಿ ಅಂಗ ಗಟ್ಟಿಯಾಗೋದು.

ಹೊಟ್ಟೆಯೊಳಗಿನ ಗಂಟಿನಲ್ಲಿ ಗಾಯ ಮುಗಿಯೋದೇ ಇಲ್ಲ. ತಿಂಗಳು ತಿಂಗಳು ರಕ್ತ, ಆ ರಕ್ತಕ್ಕೆ ಹೊರಗೆ ಹೋಗೋ ದಾರಿ ಇಲ್ಲ. ರಕ್ತ ಬಂತು ಅಂದ್ರೆ ಪ್ಲೇಟ್‌ಲೆಟ್ ಬಂತು, ಪ್ಲೇಟ್‌ಲೆಟ್ ಒಡೆದು ಟಿಜಿಎಫ್-ಬೀಟಾ ಅನ್ನೋ ಸಿಗ್ನಲ್ ಬಿಡತ್ತೆ, ಫೈಬ್ರೋಬ್ಲಾಸ್ಟ್ ಅನ್ನ ಮಯೋಫೈಬ್ರೋಬ್ಲಾಸ್ಟ್ ಮಾಡೋದರಲ್ಲಿ ಇದರಷ್ಟು ಗಟ್ಟಿಗ ಇನ್ನೊಂದಿಲ್ಲ. ಗಾಯ ರಿಪೇರಿ ಮಾಡೋಕೆ ಬಂದ ಮ್ಯಾಕ್ರೋಫೇಜ್‌ಗಳೂ ಅದನ್ನೇ ಬಿಡ್ತವೆ. ಶಾಂಘೈನ ಸುನ್-ವೇ ಗುವೋ ಈ ವಾದವನ್ನ ಬಲವಾಗಿ ಮುಂದಿಟ್ಟವರು: ಎಂಡೋಮೆಟ್ರಿಯೋಸಿಸ್ ಗಂಟು ಅಂದ್ರೆ ಮೂಲತಃ ಮತ್ತೆ ಮತ್ತೆ ಆಗೋ ಗಾಯ, ಮತ್ತೆ ಮತ್ತೆ ಆಗೋ ರಿಪೇರಿ, ಕೊನೆಗೆ ಫೈಬ್ರೋಸಿಸ್ ಅಂತ. ಸ್ಟ್ರೋಮಲ್ ಜೀವಕೋಶಗಳು ಹೀಗೆ ಬದಲಾಗ್ತವೆ, ಸುತ್ತಲಿನ ಮಾಮೂಲಿ ಫೈಬ್ರೋಬ್ಲಾಸ್ಟ್‌ಗಳು ಬದಲಾಗ್ತವೆ, ಹೊಟ್ಟೆಯ ಒಳಗೋಡೆಯ ಪೊರೆಯ ಜೀವಕೋಶಗಳು ಕೂಡ ತಮ್ಮ ರೂಪ ಬಿಟ್ಟು ಇದೇ ಕಡೆ ವಾಲ್ತವೆ.

ಈ ಎಳೆತ ಎಷ್ಟು ಅನ್ನೋದನ್ನ ಲ್ಯಾಬ್‌ನಲ್ಲಿ ಸರಳವಾಗಿ ತೋರಿಸಬಹುದು. ಕೊಲಾಜನ್ ಜೆಲ್ ಒಳಗೆ ಸ್ಟ್ರೋಮಲ್ ಜೀವಕೋಶ ಬೆರೆಸಿ ಒಂದು ಬಿಲ್ಲೆ ಥರ ಮಾಡಿ ಡಿಶ್‌ನಲ್ಲಿ ತೇಲಿಬಿಡ್ತಾರೆ. ಜೀವಕೋಶಗಳು ನಾರುಗಳನ್ನ ಹಿಡಿದು ಎಳೀತಾ ಹೋದಂಗೆ ಬಿಲ್ಲೆ ಕುಗ್ಗತ್ತೆ, ಸ್ಕೇಲ್ ಇಟ್ಟು ಅಳೆಯೋಷ್ಟು. ಗಂಟಿನಿಂದ ತೆಗೆದ ಸ್ಟ್ರೋಮಲ್ ಜೀವಕೋಶ ಇರೋ ಬಿಲ್ಲೆ ಆರೋಗ್ಯವಂತ ಒಳಪದರದ ಜೀವಕೋಶ ಇರೋ ಬಿಲ್ಲೆಗಿಂತ ಜಾಸ್ತಿ ಕುಗ್ಗತ್ತೆ. ಅದೇ ಎಳೆತ ಹೊಟ್ಟೆಯೊಳಗೆ ವರ್ಷಗಟ್ಟಲೆ ನಡೆದ್ರೆ ಏನಾಗತ್ತೆ? ಅನುಭವ ಇರೋ ಡಾಕ್ಟರ್ ಯೋನಿಯ ಮೂಲಕ ಅಲ್ಟ್ರಾಸೌಂಡ್ ಮಾಡುವಾಗ ಪ್ರೋಬ್‌ನಿಂದ ಮೆತ್ತಗೆ ಒತ್ತಿ ನೋಡ್ತಾರೆ, ಗರ್ಭಕೋಶ ಮತ್ತು ಅದರ ಹಿಂದಿನ ಕರುಳು ಒಂದರ ಮೇಲೊಂದು ಜಾರಬೇಕು. ಜಾರದೇ ಎರಡೂ ಒಟ್ಟಿಗೇ ಅಲ್ಲಾಡಿದ್ರೆ ಅಲ್ಲಿ ಅಂಟಿಕೊಂಡಿದೆ ಅಂತ ಅರ್ಥ. ಸ್ಕ್ರೀನ್ ಮೇಲೆ ಆ ಒಂದೆರಡು ಸೆಕೆಂಡ್‌ನಲ್ಲಿ ಕಾಣೋದು ಮಯೋಫೈಬ್ರೋಬ್ಲಾಸ್ಟ್‌ಗಳು ವರ್ಷಾನುಗಟ್ಟಲೆ ಮಾಡಿದ ಕೆಲಸ.

ಇನ್ನೊಂದು ಕೆಟ್ಟ ವಿಷಯ, ಗಟ್ಟಿಯಾದ ಜಾಗವೇ ಮಯೋಫೈಬ್ರೋಬ್ಲಾಸ್ಟ್‌ಗಳನ್ನ ಇನ್ನಷ್ಟು ಹುಟ್ಟಿಸತ್ತೆ, ಸುತ್ತ ಬಿಗಿ ಇದ್ದಷ್ಟೂ ಫೈಬ್ರೋಬ್ಲಾಸ್ಟ್ ಆ ಕಡೆ ತಿರುಗತ್ತೆ. ಹಾಗಾಗಿ ಒಂದು ಹಂತ ದಾಟಿದ ಮೇಲೆ ಹಾರ್ಮೋನ್ ನಿಲ್ಲಿಸಿದ್ರೂ ಕಲೆ ತನ್ನಷ್ಟಕ್ಕೆ ಕರಗಿ ಹೋಗಲ್ಲ.

ನೋವಿನ ಬಗ್ಗೆ ಮಾತಾಡಬೇಕಾದ್ರೆ ಇನ್ನೊಂದು ಜೀವಕೋಶ ತರಲೇಬೇಕು, ಮಾಸ್ಟ್ ಸೆಲ್. ಪೌಲ್ ಎರ್ಲಿಖ್ 1878ರಲ್ಲೇ ಹೆಸರಿಟ್ಟಿದ್ದು, ಕನೆಕ್ಟಿವ್ ಟಿಶ್ಯೂನಲ್ಲಿ ಕೂತಿರೋ, ಮೈತುಂಬ ಕಣ ತುಂಬಿಕೊಂಡಿರೋ ಜೀವಕೋಶ. ಅಲರ್ಜಿಯಲ್ಲಿ ಹಿಸ್ಟಮಿನ್ ಬಿಡೋದು ಇದೇ. ಆಳದ ಗಂಟುಗಳಲ್ಲಿ ಮಾಸ್ಟ್ ಸೆಲ್‌ಗಳು ಜಾಸ್ತಿ ಸಿಗ್ತವೆ, ಅಷ್ಟೇ ಅಲ್ಲ, ನರದ ಎಳೆಗಳ ಪಕ್ಕದಲ್ಲೇ, ತಮ್ಮ ಕಣಗಳನ್ನ ಸುರಿಸ್ತಾ ಇರೋ ಸ್ಥಿತಿಯಲ್ಲಿ ಸಿಗ್ತವೆ. ಅದರಿಂದ ಬರೋ ವಸ್ತುಗಳು ನರವನ್ನ ಕೆರಳಿಸ್ತವೆ, ನರ ಬೆಳೆಯೋಕೆ ಬೇಕಾದ ಎನ್‌ಜಿಎಫ್ ಅನ್ನೂ ಇವು ಬಿಡ್ತವೆ, ಈಸ್ಟ್ರೋಜನ್‌ಗೆ ರಿಸೆಪ್ಟರ್ ಕೂಡ ಇವುಗಳಲ್ಲಿದೆ. ಸ್ಕ್ಯಾನ್‌ನಲ್ಲಿ ಗಂಟು ಎಷ್ಟು ದೊಡ್ಡದು ಅನ್ನೋದಕ್ಕೂ ನೋವು ಎಷ್ಟು ಅನ್ನೋದಕ್ಕೂ ತಾಳೆ ಆಗಲ್ಲ ಅನ್ನೋದು ಎಲ್ಲರಿಗೂ ಗೊತ್ತಿರೋದೇ. ಸ್ಟೇಜ್ 1 ಅಂತ ಬರೆದ ರಿಪೋರ್ಟ್ ಹಿಡ್ಕೊಂಡು ನೆಲದ ಮೇಲೆ ಹೊರಳಾಡೋರು ಇದ್ದಾರೆ, ಸ್ಟೇಜ್ 4 ಇದ್ದು ಮಕ್ಕಳಾಗಲಿಲ್ಲ ಅಂತ ಟೆಸ್ಟ್ ಮಾಡಿಸೋವರೆಗೂ ಗೊತ್ತೇ ಇಲ್ಲದೋರೂ ಇದ್ದಾರೆ. ಸ್ಟೇಜ್ ಅಳೆಯೋದು ಗಂಟಿನ ಗಾತ್ರ, ಆಳ, ಅಂಟು. ನರದ ಪಕ್ಕ ಏನು ನಡೀತಿದೆ ಅನ್ನೋದನ್ನ ಅದು ಅಳೆಯೋದೇ ಇಲ್ಲ. ದಯವಿಟ್ಟು ಯಾರಾದ್ರೂ "ನಿಮ್ದು ಬರೀ ಸ್ಟೇಜ್ 1, ಅಷ್ಟು ನೋವು ಇರಲ್ಲ" ಅಂದ್ರೆ ಒಪ್ಕೋಬೇಡಿ.

ಟೆಲೋಸೈಟ್ ಬಗ್ಗೆ ಎರಡು ಮಾತು. ಇದು ಬುಕಾರೆಸ್ಟ್‌ನ ಲೌರೆಂಟಿಯು ಪೊಪೆಸ್ಕು 2010ರಲ್ಲಿ ಹೆಸರಿಟ್ಟ ಕನೆಕ್ಟಿವ್ ಟಿಶ್ಯೂ ಜೀವಕೋಶ. ಮೈ ಚಿಕ್ಕದು, ಅದರಿಂದ ಹೊರಡೋ ಬಾಲಗಳು ಮಾತ್ರ ಅಸಾಧ್ಯ ಉದ್ದ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ಕೂದಲಿಗಿಂತ ಎಷ್ಟೋ ತೆಳ್ಳಗೆ, ಅಲ್ಲಲ್ಲಿ ಮಣಿ ಥರ ಉಬ್ಬು. ಪಕ್ಕದ ಜೀವಕೋಶಗಳ ನಡುವೆ ಸುದ್ದಿ ಸಾಗಿಸೋದು ಇದರ ಕೆಲಸ ಅಂತ ವಾದ. ಫ್ಯಾಲೋಪಿಯನ್ ಟ್ಯೂಬ್‌ನಲ್ಲೂ ಇವು ಇವೆ. ಎಂಡೋಮೆಟ್ರಿಯೋಸಿಸ್ ಉಂಟುಮಾಡಿದ ಇಲಿಗಳ ಟ್ಯೂಬ್‌ನಲ್ಲಿ ಟೆಲೋಸೈಟ್‌ಗಳು ಹಾಳಾಗಿ ಕಮ್ಮಿಯಾಗಿದ್ದು, ಜೊತೆಗೆ ಫೈಬ್ರೋಸಿಸ್ ಕಂಡಿದ್ದು 2015ರಲ್ಲಿ ವರದಿ ಆಯ್ತು, ಬಂಜೆತನಕ್ಕೆ ಇದೂ ಕಾರಣ ಇರಬಹುದಾ ಅಂತ ಅದನ್ನ ಬರೆದವರು ಕೇಳಿದ್ರು. ಕೇಳೋಕೆ ಚೆನ್ನಾಗಿದೆ. ಆದ್ರೆ ಟೆಲೋಸೈಟ್ ಅನ್ನೋದು ನಿಜಕ್ಕೂ ಬೇರೆಯದೇ ಜೀವಕೋಶನಾ, ಅಥವಾ ಸಿಡಿ34 ಅನ್ನೋ ಪ್ರೋಟೀನ್ ಇರೋ ಫೈಬ್ರೋಬ್ಲಾಸ್ಟ್‌ಗೇ ಇನ್ನೊಂದು ಹೆಸರಾ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ನಾನಂತೂ ಇದರ ಮೇಲೆ ಸದ್ಯಕ್ಕೆ ದೊಡ್ಡ ಆಸೆ ಇಟ್ಕೊಂಡಿಲ್ಲ.

ಚಿಕಿತ್ಸೆಗೆ ಇದೆಲ್ಲದರಿಂದ ಏನು ಗೊತ್ತಾಗತ್ತೆ? ಈಗ ಇರೋ ಔಷಧಿಗಳು, ಡೈನೋಜೆಸ್ಟ್ (ಪ್ರೊಜೆಸ್ಟರಾನ್ ಥರದ ಮಾತ್ರೆ), ಗರ್ಭನಿರೋಧಕ ಮಾತ್ರೆ, ಗರ್ಭಕೋಶದೊಳಗೆ ಇಡೋ ಹಾರ್ಮೋನ್ ಇರೋ ಐಯುಡಿ, ಅಂಡಾಶಯದ ಈಸ್ಟ್ರೋಜನ್ ತಗ್ಗಿಸೋ ಜಿಎನ್‌ಆರ್‌ಎಚ್ ಗುಂಪಿನ ಇಂಜೆಕ್ಷನ್ ಮತ್ತು ಮಾತ್ರೆ, ಇವೆಲ್ಲ ಹಾರ್ಮೋನ್ ಕಡೆಯಿಂದ ಹಿಡಿಯೋವು. ರಕ್ತಸ್ರಾವ ನಿಲ್ಲಿಸಿದ್ರೆ ಹೊಸ ಗಾಯ ಆಗೋದು ನಿಲ್ಲತ್ತೆ, ಉರಿಯೂತ ಇಳಿಯತ್ತೆ, ತುಂಬಾ ಜನಕ್ಕೆ ನೋವು ನಿಜವಾಗ್ಲೂ ಕಮ್ಮಿ ಆಗತ್ತೆ. ಆದ್ರೆ ಪ್ರೊಜೆಸ್ಟರಾನ್ ಥರದ ಔಷಧಿ ಕೆಲಸ ಮಾಡಬೇಕು ಅಂದ್ರೆ ಸ್ಟ್ರೋಮಾ ಅದರ ಮಾತು ಕೇಳಬೇಕು, ಕೆಲವರಲ್ಲಿ ಅದು ಕೇಳಲ್ಲ. ಮತ್ತೆ ಈಗಾಗ್ಲೇ ಕೂತಿರೋ ಕೊಲಾಜನ್ ಕರಗಿಸೋ ಶಕ್ತಿ ಇವುಗಳಲ್ಲಿ ಯಾವುದಕ್ಕೂ ಇಲ್ಲ. ಗಟ್ಟಿ ಗಂಟಿಗೆ ಆಪರೇಷನ್ ಮಾಡಿ ಕತ್ತರಿಸಿ ತೆಗೆಯೋದೇ ದಾರಿ, ಅದೂ ಒಂದು ಗಾಯವೇ, ಮತ್ತೆ ಅಂಟು ಬರಬಹುದು.

ಹಾಗಾದ್ರೆ ಫೈಬ್ರೋಸಿಸ್‌ಗೇ ಔಷಧಿ ಕೊಡಬಾರದಾ? ಶ್ವಾಸಕೋಶದ ಫೈಬ್ರೋಸಿಸ್‌ಗೆ ಪಿರ್ಫೆನಿಡೋನ್, ನಿಂಟೆಡಾನಿಬ್ ಇವೆ, ಅಮೆರಿಕದಲ್ಲಿ 2014ರಲ್ಲಿ ಎರಡಕ್ಕೂ ಒಪ್ಪಿಗೆ ಸಿಕ್ತು. ಅವು ಕೂಡ ಕಲೆ ಹೆಚ್ಚಾಗೋದನ್ನ ನಿಧಾನ ಮಾಡ್ತವೆ, ಇರೋದನ್ನ ಅಳಿಸಲ್ಲ. ಮಕ್ಕಳು ಬೇಕು ಅನ್ನೋ ವಯಸ್ಸಿನ ಹೆಣ್ಣುಮಕ್ಕಳಿಗೆ ಅಂಥ ಔಷಧಿ ವರ್ಷಗಟ್ಟಲೆ ಕೊಡೋದು ಹುಡುಗಾಟ ಅಲ್ಲ, ದೇಹಕ್ಕೆ ಬೇರೆ ಕಡೆ ಗಾಯ ಮಾಯಿಸ್ಕೊಳ್ಳೋಕೂ ಇದೇ ಮಯೋಫೈಬ್ರೋಬ್ಲಾಸ್ಟ್ ಬೇಕು.

ನನಗೆ ಇದಕ್ಕಿಂತ ಹೆಚ್ಚು ಖುಷಿ ಕೊಡೋದು ಪತ್ತೆ ಹಚ್ಚೋ ಕಡೆ ನಡೀತಿರೋ ಕೆಲಸ. ನ್ಯೂಯಾರ್ಕ್ ಹತ್ತಿರದ ಫೈನ್‌ಸ್ಟೈನ್ ಸಂಸ್ಥೆಯವರು ಮುಟ್ಟಿನ ರಕ್ತ ಸಂಗ್ರಹಿಸಿ, ಅದರಲ್ಲಿ ಬರೋ ಸ್ಟ್ರೋಮಲ್ ಜೀವಕೋಶಗಳನ್ನ ಬೆಳೆಸಿ, ಡೆಸಿಡ್ಯುಯಲೈಸ್ ಆಗೋಕೆ ಸಿಗ್ನಲ್ ಕೊಟ್ಟು ಐಜಿಎಫ್‌ಬಿಪಿ-1 ಎಷ್ಟು ಬರತ್ತೆ ನೋಡ್ತಾರೆ. ಎಂಡೋಮೆಟ್ರಿಯೋಸಿಸ್ ಇರೋರ ಜೀವಕೋಶಗಳಲ್ಲಿ ಅದು ಕಮ್ಮಿ ಬಂತು. ಹೊಟ್ಟೆಗೆ ತೂತು ಹಾಕಿ ನೋಡೋ ಬದಲು ಹೇಗೂ ಹೊರಗೆ ಬರೋ ರಕ್ತದಲ್ಲೇ ಸುಳಿವು ಇದೆ. ಇದು ಇನ್ನೂ ರಿಸರ್ಚ್ ಹಂತದಲ್ಲಿದೆ, ಹೋಗಿ ಮಾಡಿಸ್ಕೊಳ್ಳೋ ಟೆಸ್ಟ್ ಅಂದ್ಕೋಬೇಡಿ.

ಇನ್ನು ಪ್ರಶ್ನೆಗಳು.

"ಮದುವೆಯಾಗಿ ಮಗು ಆದ್ರೆ ಸರಿಹೋಗತ್ತೆ ಅಂತಾರಲ್ಲ ಮೇಡಂ?" ಇಲ್ಲಮ್ಮ. ಗರ್ಭಿಣಿಯಾದಾಗ ಪ್ರೊಜೆಸ್ಟರಾನ್ ಅಷ್ಟು ಜಾಸ್ತಿ ಇರತ್ತೆ, ಪೀರಿಯಡ್ಸ್ ಇರಲ್ಲ, ಹಾಗಾಗಿ ಕೆಲವರಿಗೆ ಆ ತಿಂಗಳುಗಳಲ್ಲಿ ನೋವು ಇಳಿಯತ್ತೆ, ಎಲ್ಲರಿಗೂ ಅಲ್ಲ. ಆಮೇಲೆ ವಾಪಸ್ ಬರಬಹುದು. ಗಂಟಿನ ಸ್ಟ್ರೋಮಾ ಆ ಪ್ರೊಜೆಸ್ಟರಾನ್‌ಗೆ ಉಬ್ಬಿಕೊಂಡು ಅಂಡಾಶಯದ ಚಾಕೊಲೇಟ್ ಸಿಸ್ಟ್ (ಹಳೇ ರಕ್ತ ತುಂಬಿಕೊಂಡಿರೋ ಚೀಲ) ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಥರ ಕಂಡು ಎಲ್ಲರನ್ನೂ ಹೆದರಿಸಿದ ಉದಾಹರಣೆಗಳೂ ಇವೆ. ಮಗು ಬೇಕು ಅಂತ ಅನ್ನಿಸಿದ್ರೆ ಮಾಡ್ಕೊಳ್ಳಿ, ಔಷಧಿ ಅಂತ ಮಾಡ್ಕೋಬೇಡಿ.

"ಗರ್ಭಕೋಶ ತೆಗೆಸಿಬಿಟ್ರೆ?" ಗಂಟು ಇರೋದು ಗರ್ಭಕೋಶದ ಹೊರಗೆ. ಅದನ್ನ ಹಾಗೇ ಬಿಟ್ಟು ಗರ್ಭಕೋಶ ಮಾತ್ರ ತೆಗೆದ್ರೆ ಗಂಟಿನ ಸ್ಟ್ರೋಮಾ ಅರೋಮಟೇಸ್ ಸಮೇತ ಅಲ್ಲೇ ಇರತ್ತೆ. ಕೆಲವರಿಗೆ ಆ ಆಪರೇಷನ್ ಬೇಕಾಗತ್ತೆ, ಆದ್ರೆ ಗಂಟೂ ತೆಗೀತೀರಾ ಅಂತ ಕೇಳಿ ತಿಳ್ಕೊಂಡೇ ಸಹಿ ಹಾಕಿ.

"ಕ್ಯಾನ್ಸರ್ ಮ್ಯುಟೇಷನ್ ಅಂದ್ರಲ್ಲ, ಭಯ ಆಗ್ತಿದೆ." ಅಂಡಾಶಯದ ಕೆಲವು ಬಗೆಯ ಕ್ಯಾನ್ಸರ್‌ನ ಸಾಧ್ಯತೆ ಸ್ವಲ್ಪ ಹೆಚ್ಚು ಅನ್ನೋದು ನಿಜ, ಆದ್ರೆ ಎಂಡೋಮೆಟ್ರಿಯೋಸಿಸ್ ಇರೋ ಬಹುಪಾಲು ಜನಕ್ಕೆ ಅದು ಯಾವತ್ತೂ ಬರಲ್ಲ.

ಕೊನೇ ಪ್ರಶ್ನೆ ಹಿಂದಿನ ಸಾಲಲ್ಲಿದ್ದ ಒಬ್ಬರದ್ದು, "ನನ್ನ ಗಂಟು ಗಟ್ಟಿಯಾಗಿಬಿಟ್ಟಿದೆ ಅಂತ ಎಂಆರ್‌ಐನಲ್ಲಿ ಬಂದಿದೆ, ಕಲೆ ಕರಗಲ್ಲ ಅಂತ ನೀವೇ ಹೇಳಿದ್ರಿ, ಹಾಗಾದ್ರೆ ಮಾತ್ರೆ ಯಾಕೆ ನುಂಗಲಿ, ನಿಲ್ಲಿಸಿಬಿಡ್ಲಾ?" ನೀವಾಗೇ ನಿಲ್ಲಿಸಬೇಡಿ. ಒಂದೇ ಗಂಟಿನಲ್ಲಿ ಗಟ್ಟಿಯಾದ ಭಾಗವೂ ಇರತ್ತೆ, ಇನ್ನೂ ರಕ್ತ ಸುರಿಸೋ ಭಾಗವೂ ಇರತ್ತೆ, ಮಾತ್ರೆ ಹಿಡಿಯೋದು ಎರಡನೇದನ್ನ. ಡಾಕ್ಟರ್ ಹತ್ರ ಮೂರು ವಿಷಯ ಕೇಳಿ: ಗಂಟು ಕರುಳಿನ ಗೋಡೆಯೊಳಕ್ಕೆ ಇಳಿದಿದೆಯಾ, ಮೂತ್ರನಾಳ ಒತ್ತಿದೆಯಾ, ಮಾತ್ರೆ ಶುರು ಮಾಡಿದ ಮೇಲೆ ಗಂಟು ಬೆಳೆದಿದೆಯಾ ಇಲ್ವಾ. ಮೂತ್ರನಾಳ ಬಿಗಿದ್ರೆ ನೋವೇ ಇಲ್ಲದೆ ಸದ್ದಿಲ್ಲದೆ ಕಿಡ್ನಿ ಹಾಳಾಗಬಹುದು, ಹಾಗಾಗಿ ಕಿಡ್ನಿಗೂ ಒಂದು ಅಲ್ಟ್ರಾಸೌಂಡ್ ಮಾಡಿಸಿ, ಎಂಆರ್‌ಐ ರಿಪೋರ್ಟ್ ಜೊತೆ ಅದನ್ನೂ ತಗೊಂಡು ಹೋಗಿ.